ಬೇವಿನ ಕಹಿಯನ್ನು ಓದಿದವರು

ಯುಗಾದಿಯ ಬೆಳಗ್ಗೆ ಬೇವು-ಬೆಲ್ಲ ತಿಂದ ಮೊಮ್ಮಗಳು ಮುಖ ಕಿವುಚಿ, "ತಾತ, ಬೇವಿಗೆ ಈ ಕಹಿ ಎಲ್ಲಿಂದ ಬಂತು?" ಎಂದಳು. ಜೀವಮಾನವೆಲ್ಲ ವಿಜ್ಞಾನ ಬೋಧಿಸಿದ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಅದೇ ಪ್ರಶ್ನೆಯನ್ನು ಹಿಡಿದು ಹೊರಟವರು ನಮ್ಮ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೇ ಇದ್ದರೆಂಬುದನ್ನು ನನ್ನ ಹಳೆಯ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ತಿಳಿಸಲು ಈ ಬರಹ.

ಡಿಎನ್‌ಎ ಎಂಬುದು ನಾಲ್ಕೇ ಅಕ್ಷರಗಳ ದೀರ್ಘ ಬರಹ. ಆ ಅಕ್ಷರಗಳಿಗೆ ನ್ಯೂಕ್ಲಿಯೋಟೈಡ್ ಎಂದು ಹೆಸರು. ಅವನ್ನು ಓದುವ ಒಂದು ಉಪಾಯವನ್ನು ಕೇಂಬ್ರಿಜ್‌ನ ಫ್ರೆಡರಿಕ್ ಸ್ಯಾಂಗರ್ ಮತ್ತು ಸಂಗಡಿಗರು 1977ರಲ್ಲಿ ಪ್ರಕಟಿಸಿದರು. ಶಾಲೆಯ ಅಂಗಳದಲ್ಲಿ ನೀವು ಕೈಕೈ ಹಿಡಿದು ಸಾಲು ಕಟ್ಟುತ್ತಿದ್ದುದನ್ನು ನೆನೆಯಿರಿ. ಒಬ್ಬ ಹುಡುಗ ಒಂದು ಕೈಯನ್ನು ಜೇಬಿನಲ್ಲಿಟ್ಟರೆ ಸಾಲು ಅಲ್ಲಿಗೇ ಮುಗಿಯಿತು. ಸ್ಯಾಂಗರ್ ಬಳಸಿದ ಮಾರ್ಪಡಿಸಿದ ನ್ಯೂಕ್ಲಿಯೋಟೈಡ್ ಅಂಥದು. ಮುಂದಿನ ಅಕ್ಷರವನ್ನು ಹಿಡಿಯಬೇಕಾದ ಹೈಡ್ರಾಕ್ಸಿಲ್ ಅದರಲ್ಲಿಲ್ಲ. ಹೀಗೆ ಬೇರೆ ಬೇರೆ ಕಡೆ ನಿಂತ ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸಿದರೆ ಅಕ್ಷರಗಳ ಕ್ರಮ ತಿಳಿಯುತ್ತದೆ. ಇದಕ್ಕಾಗಿ ಅವರಿಗೆ 1980ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಅದು ಅವರಿಗೆ ಎರಡನೆಯದು.

ಆದರೆ ನಿಂತ ಸರಪಳಿ ಮತ್ತೆ ಬೆಳೆಯದು. ಚೆನ್ನೈಯಲ್ಲಿ ಹುಟ್ಟಿದ ಶಂಕರ್ ಬಾಲಸುಬ್ರಮಣಿಯನ್ ಮತ್ತು ಡೇವಿಡ್ ಕ್ಲೆನರ್ಮನ್ ಅದೇ ಕೇಂಬ್ರಿಜ್‌ನಲ್ಲಿ ಬೇರೊಂದು ದಾರಿ ಹಿಡಿದು, 1998ರಲ್ಲಿ ಸೊಲೆಕ್ಸಾ ಎಂಬ ಸಂಸ್ಥೆಯನ್ನು ಕಟ್ಟಿದರು. ಇಲ್ಲಿ ಹುಡುಗನ ಕೈಗೆ ತೆಗೆಯಬಹುದಾದ ಒಂದು ಚೀಲ, ತಲೆಗೆ ಬಣ್ಣದ ಟೋಪಿ. ಟೋಪಿಯ ಬಣ್ಣವನ್ನು ಕ್ಯಾಮೆರಾ ಗುರುತಿಸಿಕೊಳ್ಳುತ್ತದೆ. ಆಮೇಲೆ ರಾಸಾಯನಿಕವೊಂದು ಚೀಲ, ಟೋಪಿ ಎರಡನ್ನೂ ಕಳಚುತ್ತದೆ. ಮುಂದಿನ ಹುಡುಗ ಬಂದು ಕೈ ಹಿಡಿಯುತ್ತಾನೆ. ಹೀಗೆ ಕೋಟಿಗಟ್ಟಲೆ ಸಾಲುಗಳನ್ನು ಏಕಕಾಲಕ್ಕೆ ಓದಬಹುದಾಯಿತು. 2007ರಲ್ಲಿ ಈ ಸಂಸ್ಥೆಯನ್ನು ಅಮೆರಿಕದ ಇಲ್ಯುಮಿನಾ ಕೊಂಡಿತು.

ಇನ್ನು ಬೇವಿನ ಮಾತು. ಬೇವಿನೆಣ್ಣೆಯಿಂದ ಬೆಳೆಯ ಶಿಲೀಂಧ್ರವನ್ನು ತಡೆಯುವ ವಿಧಾನಕ್ಕೆ 1994ರಲ್ಲಿ ಅಮೆರಿಕದ ಕೃಷಿ ಇಲಾಖೆಯೂ ಡಬ್ಲ್ಯು. ಆರ್. ಗ್ರೇಸ್ ಕಂಪನಿಯೂ ಯುರೋಪಿನಲ್ಲಿ ಪೇಟೆಂಟ್ ಪಡೆದಿದ್ದವು. ಇದು ಭಾರತದಲ್ಲಿ ಮೊದಲೇ ಬಳಕೆಯಲ್ಲಿದ್ದ ತಿಳಿವಳಿಕೆಯೆಂದು ವಂದನಾ ಶಿವ ಮೊದಲಾದವರು ಹೋರಾಡಿದರು. 2000ದಲ್ಲಿ ಪೇಟೆಂಟ್ ರದ್ದಾಯಿತು. 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಬೇವಿನ ಉಪಯೋಗವನ್ನು ಅರಿತಿದ್ದೆವು, ನಿಜ. ಆದರೆ ಅದರ ಗುಣ ಹುಟ್ಟುವ ಬಗೆಯನ್ನು ಅರಿತಿರಲಿಲ್ಲ.

ಆ ಕೆಲಸಕ್ಕೆ ಕೈಹಾಕಿದ್ದು ಎಲೆಕ್ಟ್ರಾನಿಕ್ ಸಿಟಿಯ ಗಣಿತ್ ಲ್ಯಾಬ್ಸ್. ಬಿನಯ್ ಪಾಂಡಾ ಅವರ ತಂಡ ಇಲ್ಯುಮಿನಾ ಯಂತ್ರಗಳಲ್ಲಿ ಬೇವಿನ ಡಿಎನ್‌ಎ ಓದಿ, 2012ರಲ್ಲಿ ಅದರ ಕರಡನ್ನು ಪ್ರಕಟಿಸಿತು. ಸುಮಾರು 20,000 ವಂಶವಾಹಿಗಳು ಕಂಡವು. ಕಹಿಗೂ ಕೀಟನಾಶಕ ಗುಣಕ್ಕೂ ಕಾರಣವಾದ ಟರ್ಪಿನಾಯ್ಡ್‌ಗಳನ್ನು ಮರ ತಯಾರಿಸುವ ದಾರಿಯ ಸುಳಿವುಗಳೂ ಸಿಕ್ಕವು. ಬೇವು ಕಿತ್ತಳೆಗೆ ಹತ್ತಿರದ ನೆಂಟ ಎಂಬುದು ಮೊಮ್ಮಗಳಿಗೆ ಬಹಳ ಹಿಡಿಸಿತು!

ಒಂದು ಸಂಗತಿ ಮಾತ್ರ ನನ್ನನ್ನು ಕಾಡುತ್ತದೆ. ಮರ ನಮ್ಮದು, ಓದಿದವರು ನಮ್ಮವರು; ಯಂತ್ರವೂ ಆ ಬಣ್ಣದ ಅಕ್ಷರಗಳೂ ಹೊರಗಿನವು. ಡಿಎನ್‌ಎ ಕತ್ತರಿಸುವ ಕಿಣ್ವಗಳನ್ನು ಪೀಣ್ಯದ ಬೆಂಗಳೂರು ಜೀನೈ ಹಿಂದೆಯೇ ತಯಾರಿಸಿ ತೋರಿಸಿತ್ತು. ಈ ಅಕ್ಷರಗಳನ್ನೂ ಇಲ್ಲಿಯೇ ಮಾಡುವ ವಿದ್ಯಾರ್ಥಿ ನಿಮ್ಮಲ್ಲಿ, ಅಥವಾ ನಿಮ್ಮ ಮಕ್ಕಳಲ್ಲಿ, ಇದ್ದರೆ ನನಗೊಂದು ಪತ್ರ ಬರೆಯಲಿ.