ಎರಿಕ್ ಬೇಕಿತ್ತು, ಸ್ಯಾಮ್ ಸಿಕ್ಕ: ಒಂದು ವ್ಯಾಂಪೈರ್ ಪ್ರೇಮಸರಣಿ ಮತ್ತು ಅದರ ಓದುಗರ ತಕರಾರು

12 ವರ್ಷ, 13 ಕಾದಂಬರಿ. ಕೊನೆಯ ಪುಸ್ತಕ ಅಂಗಡಿಗೆ ಬರುವ ಮೊದಲೇ ಓದುಗರು ಅದಕ್ಕೆ ಒಂದೇ ಸ್ಟಾರ್ ಕೊಟ್ಟು ಕೂತಿದ್ದರು. ಅಮೆರಿಕದ ಲೇಖಕಿ ಶಾರ್ಲೇನ್ ಹ್ಯಾರಿಸ್ ಅವರ 'ಡೆಡ್ ಎವರ್ ಆಫ್ಟರ್' ಪ್ರಕಟವಾದದ್ದು 2013ರ ಮೇ ತಿಂಗಳಲ್ಲಿ. ನಾಯಕಿ ಯಾರ ಕೈ ಹಿಡಿಯಬೇಕು ಅನ್ನೋದರ ಸುತ್ತ ಎದ್ದ ಆ ಜಗಳ ಮೇಲ್ನೋಟಕ್ಕೆ ಸಿಲ್ಲಿ ಅನ್ನಿಸಬಹುದು. ಒಳಗೆ ಹೋದರೆ ಸಮ್ಮತಿ, ದುಡಿಮೆ, ಅಲ್ಪಸಂಖ್ಯಾತರು, ಹೆಂಗಸರ ಓದಿನ ಬಗ್ಗೆ ಇರುವ ತಾತ್ಸಾರ, ಎಲ್ಲವೂ ಅದರಲ್ಲಿ ಸಿಗುತ್ತೆ. ಸರಣಿ ಓದದವರಿಗೂ ಅರ್ಥವಾಗುವ ಹಾಗೆ ಇಲ್ಲಿ ಬಿಡಿಸಿ ಹೇಳುತ್ತೇನೆ. ಕಥೆಯ ಗುಟ್ಟುಗಳೆಲ್ಲ ಬಯಲಾಗುತ್ತವೆ, ಮೊದಲೇ ಹೇಳಿಬಿಟ್ಟಿದ್ದೇನೆ.

ಕಥೆ ಏನು?

ಲೂಸಿಯಾನಾ ರಾಜ್ಯದ ಬಾನ್ ಟೆಂಪ್ಸ್ ಅನ್ನೋ ಕಾಲ್ಪನಿಕ ಊರು. ಸೂಕಿ ಸ್ಟ್ಯಾಕ್‌ಹೌಸ್ ಅಲ್ಲಿನ ಒಂದು ಬಾರಿನಲ್ಲಿ ವೇಟ್ರೆಸ್. ಅವಳಿಗೆ ಒಂದು ಕಾಟವಿದೆ: ಎದುರಿಗಿದ್ದವರ ಮನಸ್ಸಿನ ಮಾತು ಕೇಳಿಸುತ್ತದೆ. ಬಾರಿಗೆ ಬರುವ ಗಂಡಸರು ತನ್ನ ಬಗ್ಗೆ ಏನೇನು ಯೋಚಿಸ್ತಾರೆ ಅನ್ನೋದನ್ನೆಲ್ಲ ಅವಳು ದಿನವಿಡೀ ಕೇಳಿಸಿಕೊಳ್ಳಬೇಕು. ಇಂಥವಳ ಮುಂದೆ ಒಂದು ರಾತ್ರಿ ಬಿಲ್ ಕಾಂಪ್ಟನ್ ಅನ್ನೋ ವ್ಯಾಂಪೈರ್ ಬಂದು ಕೂರುತ್ತಾನೆ. ಅವನ ತಲೆಯಿಂದ ಒಂದು ಸದ್ದೂ ಇಲ್ಲ. ಅವಳು ಮೊದಲು ಮರುಳಾಗೋದು ಆ ನಿಶ್ಶಬ್ದಕ್ಕೆ.

ಸರಣಿಯ ಮೊದಲ ಪುಸ್ತಕ 'ಡೆಡ್ ಅಂಟಿಲ್ ಡಾರ್ಕ್' ಬಂದದ್ದು 2001ರಲ್ಲಿ. ಅಂದರೆ 'ಟ್ವಿಲೈಟ್'ಗಿಂತ (2005) ನಾಲ್ಕು ವರ್ಷ ಮೊದಲು. ಇದನ್ನೇ ಆಧರಿಸಿ ಎಚ್‌ಬಿಓ ಚಾನೆಲ್ 2008ರಿಂದ 2014ರವರೆಗೆ 'ಟ್ರೂ ಬ್ಲಡ್' ಧಾರಾವಾಹಿ ಮಾಡಿತು. ನಮ್ಮಲ್ಲಿ ಹೆಚ್ಚಿನವರಿಗೆ ಪುಸ್ತಕಕ್ಕಿಂತ ಇದೇ ಪರಿಚಯ.

ಪುಸ್ತಕ ಮುಂದುವರಿದ ಹಾಗೆ ಬಿಲ್ ಹಿಂದೆ ಸರಿದ, ಎರಿಕ್ ನಾರ್ತ್‌ಮನ್ ಮುಂದೆ ಬಂದ. ಸಾವಿರ ವರ್ಷ ಹಳೆಯ ವೈಕಿಂಗ್, ಎತ್ತರದ ಆಳು, ಬಾರ್ ಮಾಲೀಕ, ಮಾತಿನಲ್ಲಿ ಚುರುಕು. ನಾಲ್ಕನೇ ಪುಸ್ತಕ 'ಡೆಡ್ ಟು ದ ವರ್ಲ್ಡ್'ನಲ್ಲಿ (2004) ಮಾಟಕ್ಕೆ ಸಿಕ್ಕಿ ನೆನಪು ಕಳೆದುಕೊಂಡು ಸೂಕಿಯ ಮನೆ ಸೇರುತ್ತಾನೆ. ಅಲ್ಲಿಂದ ಓದುಗರ ದೊಡ್ಡ ಪಾಲು 'ಎರಿಕ್ ಪಾರ್ಟಿ' ಆಗಿಹೋಯಿತು.

ಕೊನೆಯ ಪುಸ್ತಕದಲ್ಲಿ ಆಗಿದ್ದೇನು?

12ನೇ ಪುಸ್ತಕದ ಕೊನೆಯಲ್ಲಿ ಸೂಕಿ ತನ್ನ ಹತ್ತಿರ ಇದ್ದ ಒಂದೇ ಒಂದು ಮಂತ್ರವಸ್ತುವನ್ನು ಬಳಸಿ, ಸತ್ತುಬಿದ್ದ ಸ್ಯಾಮ್ ಮರ್ಲಾಟ್‌ನನ್ನು ಬದುಕಿಸುತ್ತಾಳೆ. ಸ್ಯಾಮ್ ಅಂದರೆ ಅವಳು ಕೆಲಸ ಮಾಡುವ ಬಾರಿನ ಯಜಮಾನ. ಬೇಕಾದಾಗ ನಾಯಿಯಾಗಿ ರೂಪ ಬದಲಿಸಬಲ್ಲವನು, ಆದರೆ ಹಗಲಲ್ಲಿ ಓಡಾಡುವ ಮನುಷ್ಯ. ಎರಿಕ್‌ನನ್ನು ಅವನ ಸೃಷ್ಟಿಕರ್ತ ಸಾಯುವ ಮೊದಲೇ ಒಕ್ಲಹೋಮಾದ ವ್ಯಾಂಪೈರ್ ರಾಣಿಗೆ ಮದುವೆ ಒಪ್ಪಂದದಲ್ಲಿ ಕಟ್ಟಿಹಾಕಿದ್ದ. ಆ ಮಂತ್ರವಸ್ತುವಿನಿಂದ ಸೂಕಿ ಒಪ್ಪಂದ ಮುರಿಸಬಹುದಿತ್ತು, ಮುರಿಸಲಿಲ್ಲ ಅನ್ನೋದು ಎರಿಕ್‌ನ ನೋವು. 13ನೇ ಪುಸ್ತಕದಲ್ಲಿ ಅವನು ಹೊರಟು ಹೋಗುತ್ತಾನೆ. ಸೂಕಿ ಮತ್ತು ಸ್ಯಾಮ್ ನಿಧಾನವಾಗಿ ಹತ್ತಿರವಾಗುತ್ತಾರೆ.

ಪುಸ್ತಕ ಬಿಡುಗಡೆಗೆ ಮುಂಚೆಯೇ ಜರ್ಮನಿಯ ಒಬ್ಬ ಓದುಗರ ಕೈಗೆ ಪ್ರತಿ ಸಿಕ್ಕಿ, ಕೊನೆ ಏನು ಅನ್ನೋದು ಜಗತ್ತಿಗೆಲ್ಲ ಗೊತ್ತಾಯಿತು. ಆಮೇಲಿನದು ಬಿರುಗಾಳಿ. ಅದೇ ವರ್ಷ ಅಕ್ಟೋಬರಿನಲ್ಲಿ 'ಆಫ್ಟರ್ ಡೆಡ್' ಅನ್ನೋ ಚಿಕ್ಕ ಪುಸ್ತಕ ಬಂತು. ಯಾವ ಪಾತ್ರಕ್ಕೆ ಮುಂದೇನಾಯಿತು ಅಂತ ಅಕ್ಷರಮಾಲೆಯ ಕ್ರಮದಲ್ಲಿ ಹೇಳುವ ಪಟ್ಟಿ ಅದು. ಗಾಯಕ್ಕೆ ಮುಲಾಮು ಬೇಕು ಅಂದವರಿಗೆ ಡೈರೆಕ್ಟರಿ ಕೊಟ್ಟ ಹಾಗಾಯಿತು.

ಓದುಗರ ವಾದಗಳು

ಮೊದಲನೆಯದು, ನಂಬಿಕೆಯ ಮಾತು. ಪ್ರೇಮಕಥೆಗೆ ಒಂದು ಅಲಿಖಿತ ಕರಾರು ಇದೆ: ಯಾರ ಪ್ರೀತಿಯನ್ನು ಪುಟಗಟ್ಟಲೆ ಬೆಳೆಸಿದಿರೋ ಅವರನ್ನು ಕೊನೆಗೆ ಸೇರಿಸಬೇಕು. ಒಂಬತ್ತು ಪುಸ್ತಕ ಎರಿಕ್‌ನನ್ನು ಬೆಳೆಸಿ, ಒಂದು ಕಾಗದದ ಒಪ್ಪಂದ ತೋರಿಸಿ ಕಳಿಸಿಬಿಟ್ಟರೆ ಅದು ಮೋಸ ಅನ್ನೋದು ಇವರ ವಾದ.

ಎರಡನೆಯದು ಇದಕ್ಕೆ ಉತ್ತರ. ಇದು ಶುರುವಾದದ್ದು ಪತ್ತೇದಾರಿ ಸರಣಿಯಾಗಿ. ಮೊದಲ ಪುಸ್ತಕಕ್ಕೆ ಆಂಥನಿ ಪ್ರಶಸ್ತಿ ಬಂದದ್ದೂ ಪತ್ತೇದಾರಿ ವಿಭಾಗದಲ್ಲೇ. ಪ್ರೇಮದ ಕರಾರನ್ನು ಓದುಗರೇ ಬರೆದುಕೊಂಡರು, ಲೇಖಕಿ ಸಹಿ ಹಾಕಿರಲಿಲ್ಲ. ಕೊನೆ ಎಲ್ಲಿಗೆ ಅನ್ನೋದು ತನಗೆ ಬಹಳ ಹಿಂದೆಯೇ ಗೊತ್ತಿತ್ತು ಅಂತ ಹ್ಯಾರಿಸ್ ಕೂಡ ಹೇಳಿದ್ದಾರೆ.

ಮೂರನೆಯದು ಸ್ಯಾಮ್ ಪರ. ಸೂಕಿಗೆ ಬಿಸಿಲು ಅಂದರೆ ಪ್ರಾಣ, ಅಂಗಳದಲ್ಲಿ ಬಿಸಿಲು ಕಾಯಿಸುತ್ತಾ ಮಲಗೋದೇ ಅವಳ ಸುಖ. ವ್ಯಾಂಪೈರ್ ಆಗೋದಕ್ಕೆ ಅವಳು ಯಾವತ್ತೂ ಒಪ್ಪಿಲ್ಲ. ಎರಿಕ್ ಜೊತೆ ಅವಳಿಗೆ ಹಗಲೇ ಇಲ್ಲ. ಹಾಗಾಗಿ ಈ ಕೊನೆ ಮೊದಲ ಪುಸ್ತಕದಲ್ಲೇ ಇತ್ತು ಅಂತಾರೆ ಇವರು.

ನಾಲ್ಕನೆಯದು ಬರವಣಿಗೆಯ ಬಗ್ಗೆ. ಕೊನೆ ಸರಿ, ಆದರೆ ಅಲ್ಲಿಗೆ ಕರೆದೊಯ್ದ ರೀತಿ ಸೊರಗಿದೆ. ಎರಿಕ್ ಕೊನೆಯ ಪುಸ್ತಕಗಳಲ್ಲಿ ಬೇರೆ ಮನುಷ್ಯನೇ ಆಗಿಹೋಗಿದ್ದಾನೆ. ಬೀಳ್ಕೊಡುಗೆಗೆ ತಕ್ಕ ತೂಕ ಇಲ್ಲ. ನಾನು ಈ ಗುಂಪಿನವನು. ಸ್ಯಾಮ್ ಸರಿಯಾದ ಆಯ್ಕೆ. ಆದರೆ ಅವನ ಮೇಲೆ ಅವಳಿಗೆ ಆಸೆ ಹುಟ್ಟಿದ್ದನ್ನು ಪುಸ್ತಕ ಹೇಳುತ್ತೆ, ತೋರಿಸಲ್ಲ.

ಅಂದಹಾಗೆ ಟಿವಿಯವರು ಈ ಪರೀಕ್ಷೆಯಿಂದ ನುಣುಚಿಕೊಂಡರು. 'ಟ್ರೂ ಬ್ಲಡ್'ನ ಕೊನೆಯ ಕಂತಿನಲ್ಲಿ ಸೂಕಿ ಗರ್ಭಿಣಿ, ಪಕ್ಕದಲ್ಲಿ ಗಂಡ ಇದ್ದಾನೆ, ಆದರೆ ಅವನ ಮುಖವೇ ಕಾಣಿಸಲ್ಲ!

ಸಮ್ಮತಿ: ನಿಜವಾದ ಜಗಳ ಇಲ್ಲಿದೆ

'ಯಾರು ಒಳ್ಳೆ ಜೋಡಿ' ಅನ್ನೋ ಪ್ರಶ್ನೆಯ ಕೆಳಗೆ ಇನ್ನೊಂದು ಪ್ರಶ್ನೆ ಇದೆ. ಈ ಗಂಡಸರು ಸೂಕಿಯನ್ನು ಏನಾದರೂ ಕೇಳಿದ್ದಾರಾ?

ಮೂರನೇ ಪುಸ್ತಕ 'ಕ್ಲಬ್ ಡೆಡ್'ನಲ್ಲಿ (2003) ಹಸಿವಿನಿಂದ ಮತಿಗೆಟ್ಟ ಬಿಲ್, ಕಾರಿನ ಡಿಕ್ಕಿಯಲ್ಲಿ ಅವಳ ಮೇಲೆ ಲೈಂಗಿಕ ದೌರ್ಜನ್ಯ ಮಾಡುತ್ತಾನೆ. ಆರನೇ ಪುಸ್ತಕದಲ್ಲಿ ಇನ್ನೊಂದು ಗುಟ್ಟು ರಟ್ಟಾಗುತ್ತದೆ: ಅವನು ಊರಿಗೆ ಬಂದದ್ದೇ ರಾಣಿಯ ಅಪ್ಪಣೆಯಂತೆ, ಅವಳನ್ನು ಬಲೆಗೆ ಹಾಕೋಕೆ. ಎರಿಕ್ ಪಾರ್ಟಿಯವರು ಇದನ್ನು ಎತ್ತಿ ತೋರಿಸ್ತಾರೆ. ಆದರೆ ಎರಿಕ್ ಏನು ಮಾಡಿದ? ಒಂದು ವಿಧಿಯ ಚಾಕುವನ್ನು ಅವಳ ಕೈಯಿಂದ ಉಪಾಯವಾಗಿ ಕೊಡಿಸಿಕೊಂಡು, 'ವ್ಯಾಂಪೈರ್ ಕಾನೂನಿನ ಪ್ರಕಾರ ನಾವೀಗ ಗಂಡ ಹೆಂಡತಿ' ಅಂದ. ಅವಳಿಗೆ ಅದು ಮದುವೆ ಅಂತಲೇ ಗೊತ್ತಿರಲಿಲ್ಲ. ರಕ್ತದ ಬೆಸುಗೆ ಬಿದ್ದ ಮೇಲಂತೂ, ತನಗೆ ಆಗ್ತಿರೋದು ಪ್ರೀತಿಯಾ, ರಕ್ತದ ಪ್ರಭಾವವಾ ಅನ್ನೋದು ಅವಳಿಗೇ ತಿಳಿಯಲ್ಲ. ಆ ಬೆಸುಗೆಯನ್ನು ಮುರಿಸಿಕೊಂಡು ನೋಡುವ ಧೈರ್ಯ ಅವಳಿಗೆ ಬರುತ್ತದೆ. ಇಡೀ ಸರಣಿಯ ಅತಿ ಮುಖ್ಯ ಕ್ಷಣ ಅದೇ ಅಂತ ನನಗನ್ನಿಸುತ್ತೆ.

ಇದು ಬರೀ ಕಥೆ ಅನ್ನಬೇಡಿ. ಮದುವೆಯಾಗಿದೆ ಅಂದ ಮೇಲೆ ಹೆಂಡತಿಯ ಒಪ್ಪಿಗೆ ಕೇಳಬೇಕಾ ಅನ್ನೋದು ನಮ್ಮ ನ್ಯಾಯಾಲಯಗಳ ಮುಂದೆ ಇರುವ ಪ್ರಶ್ನೆ. 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್, ಹೆಂಡತಿಯ ಮೇಲಿನ ಅತ್ಯಾಚಾರದ ಆರೋಪ ಹೊತ್ತ ಗಂಡನ ಮೇಲಿನ ಪ್ರಕರಣ ರದ್ದುಮಾಡಲು ನಿರಾಕರಿಸಿತು. ಅದೇ ವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಗಂಡನಿಗೆ ಆ ವಿನಾಯಿತಿ ಹಾಗೇ ಉಳಿದಿದೆ. 'ಮದುವೆ ಆಗಿದೆಯಲ್ಲ' ಅನ್ನೋ ಎರಿಕ್‌ನ ತರ್ಕಕ್ಕೆ ವ್ಯಾಂಪೈರ್ ಕಾನೂನೇ ಬೇಕಿಲ್ಲ.

ಹಾಗಾದರೆ ಇಂಥ ಕಥೆ ಓದೋದೇ ತಪ್ಪಾ? ಖಂಡಿತ ಅಲ್ಲ. ಓದಿ ಜಗಳ ಆಡಿದ ಹೆಂಗಸರೇ 'ಇವನು ಕೇಳಲೇ ಇಲ್ಲ' ಅನ್ನೋದನ್ನು ಮೊದಲು ಎತ್ತಿ ಹೇಳಿದ್ದು. ಎರಿಕ್‌ನ ಮೇಲೆ ಆಸೆ ಇಟ್ಟುಕೊಂಡೇ ಅವನ ತಪ್ಪು ಪಟ್ಟಿ ಮಾಡುವ ಓದುಗರು ದಡ್ಡರಲ್ಲ. ನಾಯಕಿಯನ್ನು ಬೆನ್ನಟ್ಟಿ ಕಾಡಿ ಒಲಿಸಿಕೊಳ್ಳುವ ಹೀರೋಗಳಿಗೆ ಶಿಳ್ಳೆ ಹೊಡೆದ ಥಿಯೇಟರುಗಳಲ್ಲಿ ಅಷ್ಟು ಲೆಕ್ಕಾಚಾರ ನಡೆದದ್ದನ್ನು ನಾನು ಕಂಡಿಲ್ಲ.

ಪಿಶಾಚಿಗಳು ಅಲ್ಪಸಂಖ್ಯಾತರಾ?

ಸರಣಿಯ ಇನ್ನೊಂದು ಎಳೆ ನೇರ ರಾಜಕೀಯ. ಜಪಾನಿನವರು ಕೃತಕ ರಕ್ತ ತಯಾರಿಸಿದ ಮೇಲೆ ವ್ಯಾಂಪೈರ್‌ಗಳು ಟಿವಿಯಲ್ಲಿ ಕಾಣಿಸಿಕೊಂಡು 'ನಾವೂ ಇದ್ದೇವೆ, ನಿಮ್ಮನ್ನು ಕೊಲ್ಲಬೇಕಾದ ಅಗತ್ಯ ಇನ್ನಿಲ್ಲ' ಅಂತ ಹೇಳುತ್ತಾರೆ. ನಾಗರಿಕ ಹಕ್ಕು ಕೇಳುತ್ತಾರೆ. ಅವರ ವಿರುದ್ಧ ಧರ್ಮದ ಹೆಸರಿನಲ್ಲಿ ಒಂದು ಸಂಘಟನೆಯೂ ಹುಟ್ಟುತ್ತದೆ. ಸಲಿಂಗಿ ಸಮುದಾಯದ ಹೋರಾಟದ ನೆರಳು ಇಲ್ಲಿ ಸ್ಪಷ್ಟ.

ಹಲವು ಓದುಗರು ಇದನ್ನು ಮೆಚ್ಚಿದರು. ಇನ್ನು ಕೆಲವರ ಆಕ್ಷೇಪ ಗಟ್ಟಿಯಾಗಿದೆ: ಈ ವ್ಯಾಂಪೈರ್‌ಗಳು ನಿಜವಾಗಿಯೂ ಕೊಲ್ಲುತ್ತಾರೆ. ಅವರಿಗೆ ಗುಟ್ಟಿನ ರಾಜರಿದ್ದಾರೆ, ಗುಟ್ಟಿನ ಕಾನೂನಿದೆ. 'ಅವರು ಒಳಗೊಳಗೇ ಅಪಾಯಕಾರಿ' ಅಂತ ಅಲ್ಪಸಂಖ್ಯಾತರ ಬಗ್ಗೆ ಹಬ್ಬಿಸುವ ಪುಕಾರು ಕಥೆಯೊಳಗೆ ಸತ್ಯವೇ ಆಗಿಬಿಡುತ್ತದೆ. ಪುಕಾರಿನಿಂದ ಮನೆ ಸುಡುವ ಕಾಲದಲ್ಲಿ ಬದುಕುತ್ತಿರುವ ನಾವು ಈ ರೂಪಕವನ್ನು ಹುಷಾರಾಗಿ ಓದಬೇಕು.

ಕನ್ನಡಕ್ಕೆ ಇದು ಹೊಸದಾ?

ರಕ್ತ ಹೀರುವ ಪ್ರೇಮಿ ಹೊಸಬ, ಆದರೆ ದೆವ್ವ ಹಳೆಯದು. ಚಂದಮಾಮ ಓದಿದವರಿಗೆಲ್ಲ ಬೇತಾಳ ಗೊತ್ತು. 1870ರಲ್ಲಿ ರಿಚರ್ಡ್ ಬರ್ಟನ್ ಆ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಬೇತಾಳನಿಗೆ ಇಟ್ಟ ಹೆಸರೇ 'ವ್ಯಾಂಪೈರ್'. ಸುಂದರಿಯಾಗಿ ಬಂದು ಪ್ರಾಣ ತೆಗೆಯುವ ಮೋಹಿನಿ, ಯಕ್ಷಿಯರೂ ನಮ್ಮವರೇ. ವ್ಯತ್ಯಾಸ ಒಂದಿದೆ. ನಮ್ಮ ಕಥೆಗಳಲ್ಲಿ ಅಪಾಯ ಸಾಮಾನ್ಯವಾಗಿ ಹೆಣ್ಣಿನದು, ಬಲಿ ಗಂಡು. ಈ ಸರಣಿಗಳಲ್ಲಿ ಅಪಾಯ ಗಂಡಿನದು, ಆಯ್ಕೆ ಹೆಣ್ಣಿನದು.

ಕಂತುಗಳಲ್ಲಿ ಬರುವ ಪ್ರೇಮಕಥೆಯೂ ನಮಗೆ ಹೊಸದಲ್ಲ. ಸುಧಾ, ತರಂಗದಂಥ ವಾರಪತ್ರಿಕೆಗಳ ಧಾರಾವಾಹಿಗೆ ಕಾದು ಕೂತ, ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಸಾಯಿಸುತೆ, ಉಷಾ ನವರತ್ನರಾಂ ಅವರ ಕಾದಂಬರಿ ತಂದು ಮುಗಿಸಿದ ಒಂದು ತಲೆಮಾರೇ ಇದೆ. ಆ ಓದಿಗೆ ಸಿಕ್ಕ ಬಿರುದು 'ಅಡುಗೆಮನೆ ಸಾಹಿತ್ಯ'. ತ್ರಿವೇಣಿಯವರ 'ಶರಪಂಜರ'ವನ್ನು ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದ ಮೇಲೆ ಹೆಣ್ಣಿನ ಮನಸ್ಸಿನ ಕಾಯಿಲೆ ಮನೆಮನೆಯ ಮಾತಾಯಿತು. ಅಂಥ ಬರಹವೂ ಅದೇ ಕೊಂಕಿನ ನೆರಳಲ್ಲೇ ಬದುಕಬೇಕಾಯಿತು.

ಇವತ್ತು ಆ ಕಂತುಗಳು ಮೊಬೈಲಿಗೆ ಬಂದಿವೆ. ಬೆಂಗಳೂರಿನಲ್ಲೇ 2014ರಲ್ಲಿ ಶುರುವಾದ ಪ್ರತಿಲಿಪಿ ಆ್ಯಪಿನಲ್ಲಿ ಕನ್ನಡದ ಪ್ರೇಮಕಥೆ, ದೆವ್ವದ ಕಥೆಗಳು ಕಂತುಕಂತಾಗಿ ಬರುತ್ತವೆ. 2021ರಲ್ಲಿ ಅದಕ್ಕೆ ದೊಡ್ಡ ಹೂಡಿಕೆ ತಂದದ್ದು ಪಬ್‌ಜಿ ಗೇಮಿನ ಕ್ರಾಫ್ಟನ್ ಕಂಪನಿ. ಅಂದರೆ ವಿಮರ್ಶಕರು ಮೂಗು ಮುರಿದ ಓದಿನಲ್ಲಿ ದುಡ್ಡಿದೆ ಅಂತ ಬಂಡವಾಳಕ್ಕೆ ಬೇಗ ಅರ್ಥವಾಯಿತು. ಓದುಗರ ಅಭಿಪ್ರಾಯ ಕಂತುಕಂತಿಗೂ ಲೇಖಕರಿಗೆ ತಲುಪುವ ಈ ವ್ಯವಸ್ಥೆಯಲ್ಲಿ, ಕಥೆ ಬೇಗ ಮುಗಿಸಬೇಡಿ ಅನ್ನೋ ಒತ್ತಡವೂ ಇದೆ. 1840ರ ದಶಕದ ಲಂಡನ್ನಿನಲ್ಲಿ ಪೆನ್ನಿಗೊಂದು ಕಂತು ಮಾರಾಟವಾಗುತ್ತಿದ್ದ 'ವಾರ್ನಿ ದ ವ್ಯಾಂಪೈರ್' ಕೂಡ ಹೀಗೇ ಎಳೆದೆಳೆದು ಬೆಳೆದದ್ದು.

ಕುಂದಲಹಳ್ಳಿಯಿಂದ ನೋಡಿದರೆ

ನಾನಿರೋದು ಕುಂದಲಹಳ್ಳಿ ಗೇಟ್ ಹತ್ತಿರ. 2023ರ ಮಾರ್ಚ್‌ನಲ್ಲಿ ಮೆಟ್ರೊ ಬಂದ ಮೇಲೆ ಇಲ್ಲಿ ಜನ ನಿಂತುಕೊಂಡೇ ಕಥೆ ಓದೋದು ಕಾಣುತ್ತೆ, ಹೆಚ್ಚಿನಂಶ ಫೋನಿನಲ್ಲಿ. ಪಿಜಿಗಳಲ್ಲಿ ಒಂದೇ ರೂಮಿಗೆ ಮೂರು ಮಂಚ, ನೈಟ್ ಶಿಫ್ಟ್ ಮುಗಿಸಿ ಬಂದವರಿಗೆ ಹಗಲೆಲ್ಲ ನಿದ್ದೆ, ಸಂಜೆ ಕ್ಯಾಬ್. ಸೂರ್ಯನನ್ನು ಭಾನುವಾರ ಮಾತ್ರ ನೋಡುವವರ ಊರಿನಲ್ಲಿ ವ್ಯಾಂಪೈರ್ ಕಥೆ ಅಷ್ಟೇನೂ ಅಪರಿಚಿತ ಅನ್ನಿಸಲ್ಲ.

ಇಲ್ಲಿ ಕೂತು ಓದಿದಾಗ ನನಗೆ ಕಂಡದ್ದು ಸೂಕಿಯ ಬಿಲ್ಲುಗಳು. ಮನೆಯ ತೆರಿಗೆ, ಕಾರಿನ ರಿಪೇರಿ, ಟಿಪ್ಸ್ ಎಷ್ಟು ಬಂತು, ಯಾರ ಶಿಫ್ಟ್ ಯಾರು ಹೊತ್ತರು. ರಾತ್ರಿ ವ್ಯಾಂಪೈರ್‌ಗಳ ಯುದ್ಧ ಮುಗಿಸಿದವಳು ಬೆಳಗ್ಗೆ ಕೆಲಸಕ್ಕೆ ಹೋಗಲೇಬೇಕು. ಎರಿಕ್ ಕೊಟ್ಟ ದುಬಾರಿ ಕೊಡುಗೆಗಳ ಬಗ್ಗೆ ಅವಳ ಮುಜುಗರ ದುಡಿಯುವವಳ ಮುಜುಗರ. ಕೊನೆಗೆ ಅವಳು ಅದೇ ಬಾರಿನಲ್ಲಿ ಪಾಲುದಾರಳಾಗುತ್ತಾಳೆ. ಯಾರ ಜೊತೆ ಹೋದಳು ಅಂತ ಹೊಡೆದಾಡಿದವರಲ್ಲಿ ಬಹಳ ಮಂದಿ ಇದನ್ನು ಗಮನಿಸಲೇ ಇಲ್ಲ.

ಓದಬೇಕು ಅನ್ನಿಸಿದರೆ

ಕ್ರಮವಾಗಿ ಓದಿ, ಇಲ್ಲದಿದ್ದರೆ ಸಂಬಂಧಗಳು ಅರ್ಥವಾಗಲ್ಲ. ಮೊದಲ ನಾಲ್ಕು ಪುಸ್ತಕ ಚುರುಕಾಗಿವೆ. ಎಂಟರ ನಂತರ ವ್ಯಾಂಪೈರ್ ರಾಜಕಾರಣ ಹೆಚ್ಚಾಗಿ ಕಥೆ ಭಾರವಾಗುತ್ತದೆ. 'ಕ್ಲಬ್ ಡೆಡ್'ನ ದೌರ್ಜನ್ಯದ ದೃಶ್ಯದ ಬಗ್ಗೆ ಮೊದಲೇ ತಿಳಿದಿರಲಿ. 'ಆಫ್ಟರ್ ಡೆಡ್' ಬಿಟ್ಟರೂ ನಷ್ಟವಿಲ್ಲ. ಇನ್ನು, ಪಕ್ಕದಲ್ಲಿ ಯಾರಾದರೂ ಇಂಥ ಪುಸ್ತಕ ಓದ್ತಿದ್ದರೆ 'ಇದೆಲ್ಲ ಓದ್ತೀಯಾ?' ಅಂತ ಕೇಳೋ ಬದಲು 'ನೀನು ಯಾರ ಪಾರ್ಟಿ?' ಅಂತ ಕೇಳಿ. ಅರ್ಧ ಗಂಟೆ ಗಟ್ಟಿ ವಾದ ಸಿಗುತ್ತೆ.