ವೈದ್ಯಕೀಯ ಎಐ: ಒರೆಗಲ್ಲಿಗೆ ಹಚ್ಚಿದ ಐವತ್ತು ವರ್ಷ

ಹೊಸ ಮಾತ್ರೆಯೊಂದು ಔಷಧದಂಗಡಿಗೆ ಬರಬೇಕಾದರೆ ಹಲವು ಹಂತಗಳ ಪ್ರಯೋಗ ದಾಟಬೇಕು. ರೋಗ ಗುರುತಿಸುವ ಸಾಫ್ಟ್‌ವೇರ್‌ಗೆ ಅಂಥ ಕಟ್ಟುಪಾಡು ಬಹುಕಾಲ ಇರಲಿಲ್ಲ. ಯಂತ್ರದ ಉತ್ತರ ಸರಿಯಿದ್ದರೆ ರೋಗಿಗೆ ಒಳ್ಳೆಯದಾಗಿಯೇ ಆಗುತ್ತದೆ ಎಂದು ಎಲ್ಲರೂ ನಂಬಿದ್ದರು. ಈ ನಂಬಿಕೆಗೆ ಒಂದಾದ ಮೇಲೊಂದು ಪೆಟ್ಟು ಬಿದ್ದಂತೆಲ್ಲ ಮೌಲ್ಯಮಾಪನದ ಶಾಸ್ತ್ರ ಬೆಳೆದಿದೆ.

1972ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನ ವೈದ್ಯ ಡಿ ಡೊಂಬಾಲ್ ಮತ್ತು ಸಂಗಡಿಗರು ಒಂದು ಫಲಿತಾಂಶ ಪ್ರಕಟಿಸಿದರು. ತೀವ್ರ ಹೊಟ್ಟೆನೋವೆಂದು ಬಂದ 304 ರೋಗಿಗಳಲ್ಲಿ ಕಾಯಿಲೆ ಯಾವುದೆಂದು ಕಂಪ್ಯೂಟರ್ ಶೇ 91.8ರಷ್ಟು ಸರಿಯಾಗಿ ಹೇಳಿತ್ತು. ಅತಿ ಹಿರಿಯ ವೈದ್ಯರದು ಶೇ 79.6. ಸಂಖ್ಯೆ ಬೆರಗು ಹುಟ್ಟಿಸಿತು. ಆದರೆ ಎರಡು ವರ್ಷದ ನಂತರ ಅದೇ ತಂಡ ಇನ್ನೊಂದು ಸಂಗತಿ ಹೇಳಿತು: ಪ್ರಯೋಗ ನಡೆಯುತ್ತಿದ್ದಾಗ ವೈದ್ಯರ ನಿಖರತೆಯೂ ಏರಿತ್ತು, ಪ್ರಯೋಗ ಮುಗಿದ ಮೇಲೆ ಮತ್ತೆ ಇಳಿಯಿತು. ಲಕ್ಷಣಗಳನ್ನು ಒಂದೂ ಬಿಡದೆ ನಮೂನೆಯಲ್ಲಿ ತುಂಬುವ ಶಿಸ್ತಿನಿಂದಲೇ ಒಂದಿಷ್ಟು ಲಾಭವಾಗಿರಬಹುದು ಎಂಬ ಪ್ರಶ್ನೆ ಎದ್ದಿತು. ಲೀಡ್ಸ್‌ನ ರೋಗಿಗಳ ಮಾಹಿತಿಯಿಂದ ಕಟ್ಟಿದ ಲೆಕ್ಕಾಚಾರವನ್ನು ಡೆನ್ಮಾರ್ಕಿಗೆ ಒಯ್ದಾಗ ಅಷ್ಟು ನಿಖರತೆ ಸಿಗಲಿಲ್ಲ. ಒಂದೂರಿನ ಯಂತ್ರವನ್ನು ಇನ್ನೊಂದೂರಿನಲ್ಲಿ ಮತ್ತೆ ಪರೀಕ್ಷಿಸಬೇಕೆಂಬ ಪಾಠ ಅಷ್ಟು ಹಳೆಯದು.

ಅದೇ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪುಗೊಂಡ ‘ಮೈಸಿನ್’ ಎಂಬ ಪ್ರೋಗ್ರಾಂ ಸೋಂಕಿಗೆ ತಕ್ಕ ಆ್ಯಂಟಿಬಯಾಟಿಕ್ ಸೂಚಿಸುತ್ತಿತ್ತು. ಸಲಹೆ ಯಾರದೆಂದು ತಿಳಿಸದೆ ತಜ್ಞರಿಂದ ಅಂಕ ಹಾಕಿಸಿದಾಗ ಅದು ಅನುಭವಿ ವೈದ್ಯರಿಗೆ ಸಾಟಿಯಾಗಿಯೇ ನಿಂತಿತು. ಆದರೂ ವಾರ್ಡಿಗೆ ಬರಲಿಲ್ಲ. ಪ್ರತ್ಯೇಕ ಕಂಪ್ಯೂಟರ್ ಮುಂದೆ ಕೂತು ಸಾಲುಸಾಲು ಪ್ರಶ್ನೆಗಳಿಗೆ ಉತ್ತರ ಟೈಪ್ ಮಾಡಲು ವೈದ್ಯರಿಗೆ ಪುರುಸೊತ್ತೆಲ್ಲಿ? ಸಾಫ್ಟ್‌ವೇರ್ ಸುರಕ್ಷತೆಯ ಪಾಠ ಮುಂದಿನ ದಶಕದಲ್ಲಿ ಬಂತು: 1985ರಿಂದ 87ರ ನಡುವೆ ಕ್ಯಾನ್ಸರ್ ಚಿಕಿತ್ಸೆಯ ‘ಥೆರಾಕ್-25’ ವಿಕಿರಣ ಯಂತ್ರ ಉತ್ತರ ಅಮೆರಿಕದಲ್ಲಿ ಆರು ಮಂದಿಗೆ ವಿಪರೀತ ವಿಕಿರಣ ಹಾಯಿಸಿತು, ಕೆಲವರು ಸತ್ತರು. ಹಳೆಯ ಮಾದರಿಗಳಲ್ಲಿದ್ದ ಯಾಂತ್ರಿಕ ತಡೆಗಳನ್ನು ತೆಗೆದು ಸುರಕ್ಷತೆಯನ್ನು ಸಾಫ್ಟ್‌ವೇರ್‌ಗೆ ಒಪ್ಪಿಸಿದ್ದರು. ಪ್ರೋಗ್ರಾಂ ದೋಷವೂ ಜೀವ ತೆಗೆಯುತ್ತದೆಂದು ಆಗ ಜಗತ್ತಿಗೆ ತಿಳಿಯಿತು.

ಎಲ್ಲಕ್ಕಿಂತ ದುಬಾರಿ ಪಾಠ ಕಲಿಸಿದ್ದು ಸ್ತನದ ಎಕ್ಸ್‌ರೇ, ಅಂದರೆ ಮ್ಯಾಮೊಗ್ರಾಂ. ಸ್ತನ ಕ್ಯಾನ್ಸರಿನ ಶಂಕೆಯಿರುವ ಜಾಗಕ್ಕೆ ಗುರುತು ಹಾಕುವ ಸಾಫ್ಟ್‌ವೇರ್‌ಗೆ ಅಮೆರಿಕದ ಔಷಧ ಮತ್ತು ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 1998ರಲ್ಲಿ ಒಪ್ಪಿಗೆ ಕೊಟ್ಟಿತು. ಸರ್ಕಾರಿ ವಿಮೆ ಅದಕ್ಕೆಂದೇ ಹೆಚ್ಚುವರಿ ಹಣ ಕೊಡತೊಡಗಿದ್ದೇ ತಡ, ಊರೂರಿಗೆ ಹಬ್ಬಿತು. 43 ಕೇಂದ್ರಗಳ ಅನುಭವವನ್ನು ತೂಗಿದ 2007ರ ಅಧ್ಯಯನ ಹೇಳಿದ್ದೇ ಬೇರೆ: ಯಂತ್ರ ಬಂದ ಮೇಲೆ ಬಯಾಪ್ಸಿಗಳು ಹೆಚ್ಚಿದ್ದವು, ಕ್ಯಾನ್ಸರ್ ಪತ್ತೆಯಲ್ಲಿ ಗಮನಾರ್ಹ ಸುಧಾರಣೆ ಇರಲಿಲ್ಲ.

2016ರಲ್ಲಿ, ರಾಶಿ ರಾಶಿ ಉದಾಹರಣೆಗಳಿಂದ ಯಂತ್ರ ತಾನೇ ಕಲಿಯುವ ಡೀಪ್ ಲರ್ನಿಂಗ್ ಸುದ್ದಿಯಾಯಿತು. ಸಕ್ಕರೆ ಕಾಯಿಲೆಯಿಂದ ರೆಟಿನಾಕ್ಕಾಗುವ ಹಾನಿಯನ್ನು ಗುರುತಿಸಲು ಗೂಗಲ್ ತನ್ನ ಎಐಗೆ 1.28 ಲಕ್ಷ ಚಿತ್ರಗಳಿಂದ ತರಬೇತಿ ಕೊಟ್ಟಿತ್ತು. ಅವುಗಳಲ್ಲಿ ಅರವಿಂದ್, ಶಂಕರ ನೇತ್ರಾಲಯಗಳ ಜೊತೆಗೆ ಬೆಂಗಳೂರಿನ ನಾರಾಯಣ ನೇತ್ರಾಲಯದ ಚಿತ್ರಗಳೂ ಇದ್ದವು. ಪ್ರಯೋಗಾಲಯದಲ್ಲಿ ಅದು ನೇತ್ರತಜ್ಞರಿಗೆ ಸಮನಾಗಿತ್ತು. ಅದನ್ನೇ ಥಾಯ್ಲೆಂಡಿನ 11 ಕ್ಲಿನಿಕ್‌ಗಳಿಗೆ ಒಯ್ದಾಗ ಕಥೆ ಬೇರೆಯಾಯಿತು. ಕಣ್ಣಿನ ಫೋಟೊ ಸ್ಪಷ್ಟವಾಗಿ ಬರಲು ಕತ್ತಲೆ ಕೋಣೆ ಬೇಕು. ಅದು ಎಲ್ಲ ಕಡೆ ಇರಲಿಲ್ಲ. ನರ್ಸ್‌ಗಳು ತೆಗೆದ 1,838 ಚಿತ್ರಗಳಲ್ಲಿ ಶೇ 21ರಷ್ಟನ್ನು ಎಐ ‘ಗುಣಮಟ್ಟ ಸಾಲದು’ ಎಂದು ತಳ್ಳಿಹಾಕಿತು. ತಳ್ಳಿಹಾಕಿದ ಚಿತ್ರದ ರೋಗಿ ಕೆಲಸ ಬಿಟ್ಟು ಬೇರೆ ದಿನ ದೂರದ ಆಸ್ಪತ್ರೆಗೆ ಹೋಗಬೇಕಿತ್ತು. ಇಂಟರ್‌ನೆಟ್ ನಿಧಾನವಾದರೆ ರೋಗಿಗಳ ಸಾಲು ಅಲ್ಲೇ ನಿಲ್ಲುತ್ತಿತ್ತು. ಇದನ್ನೆಲ್ಲ 2020ರಲ್ಲಿ ಬರೆದವರು ಗೂಗಲ್‌ನ ಸಂಶೋಧಕರೇ.

ಮರುವರ್ಷ ಅಮೆರಿಕದಿಂದ ಇನ್ನೊಂದು ಎಚ್ಚರಿಕೆ ಬಂತು. ನೂರಾರು ಆಸ್ಪತ್ರೆಗಳು ಅಳವಡಿಸಿಕೊಂಡಿದ್ದ, ರಕ್ತದ ನಂಜನ್ನು ಮುಂಚಿತವಾಗಿ ಸೂಚಿಸಬೇಕಾದ ಎಪಿಕ್ ಕಂಪನಿಯ ಮಾದರಿಯನ್ನು ಮಿಷಿಗನ್‌ನ ಸಂಶೋಧಕರು ಸ್ವತಂತ್ರವಾಗಿ ಪರೀಕ್ಷಿಸಿದರು. ನಂಜೇರಿದವರಲ್ಲಿ ಶೇ 67ರಷ್ಟು ಮಂದಿಯನ್ನು ಅದು ಗುರುತಿಸಿರಲೇ ಇಲ್ಲ.

ಈ ಹೊತ್ತಿಗೆ ನಿಯಮಗಳೂ ಮೊಳೆತಿದ್ದವು. ಚಿಕಿತ್ಸೆಗಳನ್ನು ಮೌಲ್ಯಮಾಪನ ಮಾಡುವ ಬ್ರಿಟನ್ನಿನ ನೈಸ್ ಸಂಸ್ಥೆ 2018ರ ಡಿಸೆಂಬರಿನಲ್ಲಿ, ಅಪಾಯ ಹೆಚ್ಚಿದಷ್ಟೂ ಬಲವಾದ ಪುರಾವೆ ಬೇಕೆನ್ನುವ ಚೌಕಟ್ಟು ತಂದಿತು. ಜರ್ಮನಿ 2020ರಿಂದ ಆರೋಗ್ಯ ಆ್ಯಪ್‌ಗಳನ್ನು ವೈದ್ಯರು ಚೀಟಿಯಲ್ಲಿ ಬರೆಯಲು ಅವಕಾಶ ಕೊಟ್ಟಿತು. ತಾತ್ಕಾಲಿಕವಾಗಿ ಪಟ್ಟಿಗೆ ಸೇರಿದ ಆ್ಯಪ್, ಪ್ರಯೋಜನವನ್ನು ಸಾಮಾನ್ಯವಾಗಿ ವರ್ಷದೊಳಗೆ ರುಜುವಾತು ಮಾಡಬೇಕು. ಸರಿಯಾದ ಪರೀಕ್ಷೆಗೆ ಒಳ್ಳೆಯ ಮಾದರಿ ಸ್ವೀಡನ್ನಿನದು. ಅಲ್ಲಿ ಮ್ಯಾಮೊಗ್ರಾಂ ತಪಾಸಣೆಗೆ ಬಂದ 80 ಸಾವಿರ ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. 2023ರ ವರದಿಯ ಪ್ರಕಾರ ಎಐ ನೆರವಿನ ಗುಂಪಿನಲ್ಲಿ ಸಾವಿರಕ್ಕೆ 6.1 ಕ್ಯಾನ್ಸರ್ ಪತ್ತೆಯಾದರೆ ಇನ್ನೊಂದರಲ್ಲಿ 5.1, ವೈದ್ಯರು ಚಿತ್ರ ಓದುವ ಹೊರೆ ಶೇ 44ರಷ್ಟು ತಗ್ಗಿತ್ತು.

ಭಾರತದಲ್ಲಿ 2020ರ ಏಪ್ರಿಲ್‌ನಿಂದ ಚಿಕಿತ್ಸೆಗೆ ಬಳಸುವ ಸಾಫ್ಟ್‌ವೇರ್ ಕೂಡ ವೈದ್ಯಕೀಯ ಸಾಧನಗಳ ಕಾನೂನಿನಡಿ ಬರುತ್ತದೆ. ಐಸಿಎಂಆರ್ 2023ರಲ್ಲಿ ಎಐ ಬಳಕೆಗೆ ನೈತಿಕ ಮಾರ್ಗಸೂಚಿ ಹೊರಡಿಸಿತು. ಬೆಂಗಳೂರಿನ ರೆಮಿಡಿಯೊ ಕಂಪನಿಯ ಮೊಬೈಲ್ ಆಧಾರಿತ ಕ್ಯಾಮೆರಾದ ಜೊತೆ, ಇಂಟರ್‌ನೆಟ್ ಇಲ್ಲದೆ ಫೋನಿನಲ್ಲೇ ಕೆಲಸ ಮಾಡುವ ಎಐಯನ್ನು ಮುಂಬೈ ಪಾಲಿಕೆಯ ದವಾಖಾನೆಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಬಳಸುವ ಜಾಗದಲ್ಲೇ ಪರೀಕ್ಷಿಸುವ ಈ ಕ್ರಮ ಸರಿಯಾದದ್ದು.

ಪರವಾನಗಿ ಯಂತ್ರ ಮಾರಲು ಅನುಮತಿ ಮಾತ್ರ. ನಮ್ಮ ತಾಲ್ಲೂಕು ಆಸ್ಪತ್ರೆಗೆ ಅದು ಹೊಂದುತ್ತದೆಂಬ ಖಾತರಿಯಲ್ಲ. ನಮ್ಮದೇ ರೋಗಿಗಳಲ್ಲಿ ಅದು ಎಷ್ಟು ಮಂದಿಯ ರೋಗವನ್ನು ಗುರುತಿಸದೆ ಬಿಟ್ಟಿತು, ಎಷ್ಟು ಮಂದಿಯನ್ನು ಸುಮ್ಮನೆ ಅಲೆಸಿತು, ರೋಗವಿದೆ ಎಂದ ಮೇಲೆ ಚಿಕಿತ್ಸೆ ಎಲ್ಲಿ ಸಿಗುತ್ತದೆ ಎಂಬ ಮೂರು ಲೆಕ್ಕಗಳನ್ನು ಟೆಂಡರ್ ಕರೆಯುವ ಮೊದಲೇ ಕೇಳಬೇಕು. ಕೊಳ್ಳುವವರು ಕೇಳದಿದ್ದರೆ ಮಾರುವವರು ತಾವಾಗಿ ಕೊಡುವುದಿಲ್ಲ.