ಬೆಂಗಳೂರಿನ ನಲ್ಲಿನೀರಿನ ಶುದ್ಧಿವಿಚಾರ

ನಗರಗಳಲ್ಲಿ ನಲ್ಲಿಯ ಮೂಲಕ ಬರುವ ನೀರು ಪಾನಯೋಗ್ಯವೆ ಅಲ್ಲವೆ ಎಂಬ ಪ್ರಶ್ನೆಯು ಈಚಿನದೆಂದು ಅನೇಕರ ಭಾವನೆ. ಚರಿತ್ರೆಯನ್ನು ಪರಿಶೀಲಿಸಿದರೆ, ಜನರು ಗುಂಪಾಗಿ ನೆಲಸಿದ ಕಾಲದಿಂದಲೂ ಈ ಪ್ರಶ್ನೆಯು ಅವರನ್ನು ಬಿಟ್ಟಿಲ್ಲವೆಂದೂ, ಕಾಲಕಾಲಕ್ಕೆ ಬದಲಾದುವು ದೋಷವು ನಿಲ್ಲುವ ಸ್ಥಾನವೂ ಅದನ್ನರಿಯುವ ಕ್ರಮವೂ ಮಾತ್ರವೆಂದೂ ವ್ಯಕ್ತವಾಗುತ್ತದೆ. ಬೆಂಗಳೂರಿನ ನೀರಿನ ವೃತ್ತಾಂತವು ಇದಕ್ಕೆ ತಕ್ಕ ನಿದರ್ಶನವು.

೧. ಪ್ರಾಚೀನರ ಪರೀಕ್ಷಾಕ್ರಮ

ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಕೆಟ್ಟ ನೀರಿನ ದೋಷಗಳನ್ನು ಸ್ಪರ್ಶ, ರೂಪ, ರಸ, ಗಂಧ, ವೀರ್ಯ, ವಿಪಾಕಗಳೆಂದು ಆರು ಬಗೆಯಾಗಿ ವಿಂಗಡಿಸಿದೆ. ಇವುಗಳಲ್ಲಿ ಮೊದಲಿನ ನಾಲ್ಕು ಇಂದ್ರಿಯಗಳಿಗೆ ಗೋಚರವಾಗತಕ್ಕುವು. ಕಡೆಯ ಎರಡಾದರೋ ನೀರನ್ನು ಕುಡಿದ ಮೇಲೆ ದೇಹದಲ್ಲಿ ತೋರುವ ಫಲದಿಂದಲೇ ಊಹಿಸತಕ್ಕುವು. ಕದಡಿದ ನೀರನ್ನು ತಿಳಿಗೊಳಿಸಲು ಕತಕ, ಎಂದರೆ ಚಿಲ್ಲದ ಬೀಜ, ಬಟ್ಟೆ ಮೊದಲಾದ ಏಳು ಸಾಧನಗಳನ್ನೂ, ಕೆಟ್ಟ ನೀರಿಗೆ ಬೆಂಕಿಯಲ್ಲಿ ಕಾಯಿಸುವುದು, ಬಿಸಿಲಿಗಿಡುವುದು, ಕಾದ ಕಬ್ಬಿಣವನ್ನದ್ದುವುದು ಮೊದಲಾದ ಉಪಾಯಗಳನ್ನೂ ಅಲ್ಲಿಯೇ ವಿಧಿಸಿದೆ. ತಿಳಿಗೊಳಿಸುವುದು ಬೇರೆ, ದೋಷವನ್ನು ಕಳೆಯುವುದು ಬೇರೆ ಎಂಬ ವಿವೇಕವು ಈ ವಿಭಾಗದಲ್ಲಿ ಅಡಗಿದೆ. ಕಣ್ಣಿಗೆ ನಿರ್ಮಲವಾದ ನೀರೂ ಪರಿಣಾಮದಲ್ಲಿ ಕೆಟ್ಟದ್ದಾಗಿರಬಹುದೆಂಬುದು ಪ್ರಾಚೀನರಿಗೆ ತಿಳಿದಿತ್ತು. ಕುಡಿಯುವುದಕ್ಕೆ ಮೊದಲೇ ಆ ದೋಷವನ್ನರಿಯುವ ಸಾಧನವು ಮಾತ್ರ ಅವರಲ್ಲಿರಲಿಲ್ಲ.

೨. ಕೆರೆಗಳ ಕಾಲ

ಬೆಂಗಳೂರಿನ ಸಮೀಪದಲ್ಲಿ ದೊಡ್ಡ ನದಿಯಿಲ್ಲ. ಆದುದರಿಂದ ಪಟ್ಟಣವು ಬಹುಕಾಲ ಕೆರೆ, ಕಲ್ಯಾಣಿ, ಬಾವಿಗಳನ್ನೇ ಆಶ್ರಯಿಸಿತ್ತು. ಪೇಟೆಯ ಜನರಿಗೆ ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳೂ, ದಂಡುಪ್ರದೇಶದವರಿಗೆ ಹಲಸೂರು ಕೆರೆ, ಮಿಲ್ಲರ್ ಕೆರೆಗಳೂ ಆಧಾರವಾಗಿದ್ದುವು. 1882ರಲ್ಲಿ ಸ್ಯಾಂಕಿ ಕೆರೆಯು ನಿರ್ಮಿತವಾಯಿತು. ಆದರೆ ಜನಸಂಖ್ಯೆ ಹೆಚ್ಚಿದಂತೆ ಮನೆಗಳ ಬಚ್ಚಲುನೀರು ತಗ್ಗನ್ನು ಹುಡುಕಿ ಕೆರೆಗಳ ಕಡೆಗೇ ಹರಿಯತೊಡಗಿತು. ಊರಿನ ನೀರನ್ನು ಸಂಗ್ರಹಿಸಲು ಕಟ್ಟಿದ ಕೆರೆಯು ಊರಿನ ಕೊಳೆಯನ್ನೂ ಸಂಗ್ರಹಿಸಿತು. ಕಾಲಾಂತರದಲ್ಲಿ ಧರ್ಮಾಂಬುಧಿಯು ಬಸ್ಸುಗಳ ನಿಲ್ದಾಣವೂ, ಸಂಪಂಗಿ ಕೆರೆಯು ಆಟದ ಕ್ರೀಡಾಂಗಣವೂ ಆದುವು.

೩. ಅಗೋಚರದೋಷದ ನಿರ್ಣಯ

ಇದೇ ಶತಮಾನದಲ್ಲಿ ಯೂರೋಪಿನಲ್ಲಿ, ಕಣ್ಣಿಗೆ ಕಾಣದ ದೋಷವು ಯಾವುದೆಂಬ ವಿಚಾರವು ಇತ್ಯರ್ಥವಾಗುತ್ತಲಿತ್ತು. 1854ರಲ್ಲಿ ಲಂಡನ್ನಿನ ಬ್ರಾಡ್ ಬೀದಿಯಲ್ಲಿ ವಾಂತಿಭೇದಿಯ ಮಾರಿಯು ತಲೆದೋರಲು, ಜಾನ್ ಸ್ನೋ ಎಂಬ ವೈದ್ಯನು ಮೃತರ ಮನೆಗಳನ್ನು ಎಣಿಸಿ, ಅವರಲ್ಲಿ ಹೆಚ್ಚಿನವರು ಒಂದೇ ಕೈಪಂಪಿನ ನೀರನ್ನು ಕುಡಿದವರೆಂದು ತೋರಿಸಿದನು. ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ರಾಬರ್ಟ್ ಕಾಖ್ 1884ರಲ್ಲಿ ಕಲ್ಕತ್ತೆಯ ಕೊಳವೊಂದರ ನೀರಿನಲ್ಲಿ ಗುರುತಿಸಿದನು. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಇದೇ ರೋಗದಿಂದ ಎಂಟು ಸಹಸ್ರಕ್ಕೂ ಮೇಲ್ಪಟ್ಟು ಜನರು ಮಡಿದರು. ಅದಕ್ಕೆ ಹೊಂದಿಕೊಂಡೇ ಇದ್ದ ಆಲ್ಟೋನಾ ಪಟ್ಟಣವು, ಹ್ಯಾಂಬರ್ಗಿನ ಕೊಳೆ ಸೇರಿದ ಎಲ್ಬ್ ನದಿಯ ನೀರನ್ನೇ ಕುಡಿಯುತ್ತಿದ್ದರೂ ಬಹುಮಟ್ಟಿಗೆ ಪಾರಾಯಿತು. ಹ್ಯಾಂಬರ್ಗಿನವರು ನೀರನ್ನು ಸೋಸದೆ ಕುಡಿದರು. ಆಲ್ಟೋನಾದವರು ಮರಳಿನಲ್ಲಿ ಸೋಸಿ ಕುಡಿದರು. ನದಿಯ ಮೇಲ್ಭಾಗದಲ್ಲಿದ್ದವರು ಸತ್ತು ಕೆಳಭಾಗದಲ್ಲಿದ್ದವರು ಬದುಕಿದುದರಿಂದ, ಶುದ್ಧಿಯು ಮೂಲವೊಂದರಿಂದಲೇ ಸಿದ್ಧಿಸುವುದಿಲ್ಲವೆಂಬುದು ಸ್ಥಾಪಿತವಾಯಿತು.

೪. ಅರ್ಕಾವತಿಯ ನೀರು

ಇದಾದ ಎರಡೇ ವರ್ಷಗಳಲ್ಲಿ, ದಿವಾನ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ, ಬೆಂಗಳೂರಿಗೆ ವಾಯವ್ಯದಲ್ಲಿರುವ ಹೆಸರಘಟ್ಟದ ಕೆರೆಯಿಂದ ನೀರನ್ನು ತರುವ ಕಾರ್ಯವು ಆರಂಭವಾಯಿತು. 1896ರಲ್ಲಿ ಕೊಳವೆಯ ನೀರು ಪಟ್ಟಣವನ್ನು ಮುಟ್ಟಿತು. ಈ ಯೋಜನೆಗೆ ಚಾಮರಾಜೇಂದ್ರ ಒಡೆಯರ ಹೆಸರನ್ನಿಟ್ಟರು. ಅರ್ಕಾವತಿಯ ನೀರನ್ನು ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳಿಂದ ಮೇಲೆತ್ತಲಾಗುತ್ತಿದ್ದಿತು. ಮಲ್ಲೇಶ್ವರದ ಜ್ಯುಯೆಲ್ ಫಿಲ್ಟರ್ ಎಂಬ ಶೋಧನಾಗಾರದಲ್ಲಿ ಅದನ್ನು ಸೋಸಿ ಕೊಡುವ ಏರ್ಪಾಡೂ ನಡೆಯಿತು. ಹೆಸರಘಟ್ಟದ ಕೆರೆಯು 1925ರ ಸುಮಾರಿಗೆ ಬತ್ತಲು, ಅರ್ಕಾವತಿಗೆ ಕುಮುದ್ವತಿಯು ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಚಾಮರಾಜಸಾಗರವೆಂಬ ಜಲಾಶಯವು ಸಿದ್ಧವಾಯಿತು.

ಈ ಜಲಾಶಯವು ಸುಮಾರು ಎಂಬತ್ತು ವರ್ಷಗಳ ಕಾಲ ಪಟ್ಟಣಕ್ಕೆ ನೀರೊದಗಿಸಿತು. ಅಷ್ಟರಲ್ಲಿ ನಗರವೂ ಕಾರ್ಖಾನೆಗಳೂ ನದಿಯ ಮೇಲ್ದಂಡೆಯವರೆಗೆ ಹಬ್ಬಿ, ಪೇಟೆಯ ಕೆರೆಗಳಿಗಾದ ಗತಿಯೇ ಅರ್ಕಾವತಿಗೂ ಆಯಿತು. ಒಳಹರಿವು ಕುಗ್ಗಿ ನೀರು ಮಲಿನವಾದ ಕಾರಣ, 2012ರಲ್ಲಿ ಅಲ್ಲಿಂದ ಕುಡಿಯುವ ನೀರನ್ನೆತ್ತುವುದನ್ನು ನಿಲ್ಲಿಸಬೇಕಾಯಿತು. ಹೆಸರಘಟ್ಟವನ್ನು ಬಿಡಿಸಿದುದು ಅನಾವೃಷ್ಟಿ. ಚಾಮರಾಜಸಾಗರವನ್ನು ಬಿಡಿಸಿದುದರಲ್ಲಿ ಮನುಷ್ಯರ ಪಾಲು ದೊಡ್ಡದು. ಈ ಎರಡರ ಭೇದವನ್ನು ಚರಿತ್ರಕಾರರು ಮರೆಯತಕ್ಕುದಲ್ಲ.

೫. ಕಾವೇರಿಯೂ ಕೊಳವೆಯೂ

1974ರಲ್ಲಿ ಕಾವೇರಿ ಯೋಜನೆಯ ಮೊದಲನೆಯ ಹಂತವೂ, 2024ರಲ್ಲಿ ಐದನೆಯ ಹಂತವೂ ಕಾರ್ಯಗತವಾದುವು. ತೊರೆಕಾಡನಹಳ್ಳಿಯಲ್ಲಿ ಶುದ್ಧಿಗೊಳಿಸಿದ ನೀರು ಸುಮಾರು 100 ಕಿಲೋಮೀಟರು ದೂರವನ್ನು ಕ್ರಮಿಸಿ, ಸುಮಾರು 500 ಮೀಟರು ಎತ್ತರವನ್ನೇರಿ ಬೆಂಗಳೂರಿಗೆ ಬರುತ್ತದೆ. ಮೊದಲು ಪಟಿಕವನ್ನು ಬೆರಸಿ ಕದಡನ್ನು ತಳಕ್ಕಿಳಿಸಿ, ಬಳಿಕ ಮರಳಿನಲ್ಲಿ ಸೋಸಿ, ಕಡೆಗೆ ಕ್ಲೋರಿನ್ ಬೆರಸುವುದು ಇಂತಹ ಶೋಧನೆಯ ಕ್ರಮ. ಕತಕಬೀಜವು ಮಾಡುತ್ತಿದ್ದ ಕಾರ್ಯವನ್ನು ಪಟಿಕವೂ, ಬಟ್ಟೆಯ ಕಾರ್ಯವನ್ನು ಮರಳೂ, ಬೆಂಕಿಯ ಕಾರ್ಯವನ್ನು ಕ್ಲೋರಿನ್ನೂ ಮಾಡುತ್ತವೆಂದರೆ ಸಲ್ಲುತ್ತದೆ.

ಆದರೆ ಶೋಧನಾಗಾರದಿಂದ ಹೊರಟ ನೀರೇ ಮನೆಯ ಬಿಂದಿಗೆಗೆ ಬೀಳುವುದೆಂಬ ನಿಯಮವಿಲ್ಲ. ನೀರಿನ ಕೊಳವೆಯೂ ಕೊಳಚೆಯ ಕೊಳವೆಯೂ ಒಂದೇ ಬೀದಿಯಲ್ಲಿ ಹೂಳಲ್ಪಟ್ಟಿರುತ್ತವೆ. ನೀರನ್ನು ಬಿಟ್ಟುಬಿಟ್ಟು ಕೊಡುವ ಕಡೆಗಳಲ್ಲಿ, ನಿಲ್ಲಿಸಿದ ಹೊತ್ತಿನಲ್ಲಿ ಕೊಳವೆಯೊಳಗಿನ ಒತ್ತಡವು ಇಳಿದು, ಬಿರುಕುಗಳ ಮೂಲಕ ಸುತ್ತಲಿನ ಕೊಳೆಯು ಒಳಕ್ಕೆ ಸೆಳೆಯಲ್ಪಡುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಹಗಲಿರುಳು ನೀರು ಬರುವ ವಾರ್ಡುಗಳನ್ನೂ ಬಿಟ್ಟುಬಿಟ್ಟು ಬರುವ ವಾರ್ಡುಗಳನ್ನೂ ಹೋಲಿಸಿ ಪರೀಕ್ಷಿಸಿದಾಗ, ಎರಡನೆಯ ಬಗೆಯ ನಲ್ಲಿಗಳಲ್ಲಿಯೇ ಮಲಸೂಚಕ ಜೀವಿಗಳು ಹೆಚ್ಚಾಗಿ ಕಂಡುಬಂದುವು. 2022ರ ಮೇ-ಜೂನ್ ತಿಂಗಳುಗಳಲ್ಲಿ ರಾಯಚೂರಿನಲ್ಲಿ ನಗರಸಭೆಯ ನೀರನ್ನು ಕುಡಿದ ಅನೇಕರು ವಾಂತಿಭೇದಿಗೊಳಗಾಗಿ, ಕೆಲವರು ಮೃತರಾದ ದುರಂತವು ಈ ವಿಚಾರವು ಕೇವಲ ಪಾಂಡಿತ್ಯದ್ದಲ್ಲವೆಂಬುದನ್ನು ತಿಳಿಸುತ್ತದೆ.

ಕೊಳವೆಯ ಲೋಹವೂ ವಿಚಾರಾರ್ಹವೇ. ಸೀಸದ ಕೊಳವೆಗಿಂತ ಮಣ್ಣಿನ ಕೊಳವೆಯ ನೀರು ಆರೋಗ್ಯಕರವೆಂದು ರೋಮಿನ ವಾಸ್ತುಶಾಸ್ತ್ರಜ್ಞನಾದ ವಿಟ್ರೂವಿಯಸನು ಕ್ರಿಸ್ತಪೂರ್ವದಲ್ಲಿಯೇ ಬರೆದಿದ್ದನು. ಆದರೂ 2014ರಲ್ಲಿ ಅಮೆರಿಕದ ಫ್ಲಿಂಟ್ ನಗರವು ನೀರಿನ ಮೂಲವನ್ನು ಬದಲಾಯಿಸಿ, ಕೊಳವೆ ಸವೆಯದಂತೆ ತಡೆಯುವ ದ್ರವ್ಯವನ್ನು ಬೆರಸದಿದ್ದ ಕಾರಣ, ಹಳೆಯ ಕೊಳವೆಗಳ ಸೀಸವು ಕರಗಿ ಮನೆಗಳನ್ನು ಸೇರಿತು.

೬. ಪಾನಯೋಗ್ಯತೆಯ ನಿರ್ಣಯ

ಭಾರತೀಯ ಮಾನಕದ ಪ್ರಕಾರ 100 ಮಿಲಿಲೀಟರು ನೀರಿನಲ್ಲಿ ಮಲಜನ್ಯವಾದ ಇ. ಕೋಲಿ ಜೀವಿಯು ಒಂದೂ ಕಾಣಬಾರದು. ಲೀಟರೊಂದಕ್ಕೆ ಸೀಸವು 0.01 ಮಿಲಿಗ್ರಾಮನ್ನೂ, ನೈಟ್ರೇಟು 45 ಮಿಲಿಗ್ರಾಮನ್ನೂ ಮೀರಬಾರದು. ಫ್ಲೋರೈಡು 1 ಮಿಲಿಗ್ರಾಮಿನೊಳಗಿರಬೇಕು, ಬೇರೆ ನೀರಿಲ್ಲದೆಡೆ 1.5ರವರೆಗೆ ಸಹ್ಯ. ಕ್ಲೋರಿನ್ನು ಕನಿಷ್ಠಪಕ್ಷ 0.2 ಮಿಲಿಗ್ರಾಮಿನಷ್ಟಾದರೂ ಉಳಿದಿರಬೇಕೆಂಬ ವಿಧಿಯೂ ಉಂಟು. ಇದು ದಾರಿಯಲ್ಲಿ ಸೇರಬಹುದಾದ ಸೂಕ್ಷ್ಮಜೀವಿಗಳಿಗೆ ಕಾವಲಾಗಿರುವುದು. ಕ್ಲೋರಿನ್ನು ನೀರಿನ ಸಸ್ಯಾಂಶದೊಡನೆ ಕೂಡಿ ಅಹಿತಕರವಾದ ದ್ರವ್ಯಗಳನ್ನು ಹುಟ್ಟಿಸುವುದೆಂದು 1974ರಲ್ಲಿ ತಿಳಿದುಬಂದಿತು. ಆದರೆ ಆ ಅಲ್ಪದೋಷವು ದೀರ್ಘಕಾಲದ್ದು. ವಾಂತಿಭೇದಿಯಾದರೋ ಒಂದೆರಡು ದಿನಗಳಲ್ಲಿಯೇ ಪ್ರಾಣಹರವು. ಆದುದರಿಂದ ಆ ದ್ರವ್ಯಗಳನ್ನು ಮಿತಿಯಲ್ಲಿಡಬೇಕೇ ಹೊರತು ಕ್ಲೋರಿನ್ನನ್ನು ತ್ಯಜಿಸತಕ್ಕುದಲ್ಲ.

ಕುದಿಸಿದರೆ ಸಾಕೆಂಬ ಮತಕ್ಕೂ ಮಿತಿಯುಂಟು. ಕುದಿತದಿಂದ ಸೂಕ್ಷ್ಮಜೀವಿಗಳು ನಾಶವಾಗುತ್ತವೆ. ಸೀಸ, ಫ್ಲೋರೈಡು, ನೈಟ್ರೇಟುಗಳು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತವೆ. ಮನೆಯ ನೆಲತೊಟ್ಟಿಯಲ್ಲಿ ಕಾವೇರಿಯ ನೀರಿಗೆ ಕೊಳವೆಬಾವಿಯ ನೀರನ್ನು ಬೆರಸುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ತೊಟ್ಟಿಯನ್ನು ತೊಳೆಯದಿದ್ದರೆ ಅಲ್ಲಿಗೆ ಬಂದ ಶುದ್ಧಜಲವೂ ಕೆಡುತ್ತದೆ.

ಇದರಿಂದ ಸಿದ್ಧವಾಗುವುದೇನೆಂದರೆ: ನಲ್ಲಿನೀರು ಸರ್ವತ್ರ ಶುದ್ಧವೆಂಬುದೂ, ಸರ್ವತ್ರ ಅಪೇಯವೆಂಬುದೂ ಎರಡೂ ಯುಕ್ತವಲ್ಲ. ಮೂಲದಲ್ಲಿ ರಕ್ಷಿತವಾಗಿ, ನಡುದಾರಿಯಲ್ಲಿ ಒತ್ತಡ ತಪ್ಪದೆ ಹರಿದು, ಬಿಂದಿಗೆಯ ಬಾಯಲ್ಲಿ ಪರೀಕ್ಷೆಗೆ ನಿಂತ ನೀರು ಮಾತ್ರ ನಿಸ್ಸಂಶಯವಾಗಿ ಪೇಯವು. ಪರೀಕ್ಷೆಯ ಫಲವು ಬೀದಿಬೀದಿಯ ಜನರಿಗೆ ತಿಳಿಯುವವರೆಗೆ ಅವರ ಸಂಶಯವು ನ್ಯಾಯವಾದುದೇ. ಬೆಂಗಳೂರು ಕೆಟ್ಟ ನೀರನ್ನು ಬಿಟ್ಟು ದೂರದ ನೀರಿಗೆ ಹೋಗುವ ಪದ್ಧತಿಯನ್ನು ಒಂದು ಶತಮಾನಕ್ಕಿಂತ ಹೆಚ್ಚು ಕಾಲ ನಡೆಸಿತು. ಕಾವೇರಿಯನ್ನು ಬಿಟ್ಟರೆ ಮುಂದೆ ಹೋಗಿ ಸೇರಲು ಅಂತಹ ನದಿಯು ಸಮೀಪದಲ್ಲಿಲ್ಲ. ಆದುದರಿಂದ ಬಿಟ್ಟುಬಂದ ಅರ್ಕಾವತಿಯನ್ನು ಶುದ್ಧಿಗೊಳಿಸುವುದು ಗತವೈಭವದ ಮೇಲಣ ಮಮತೆಯ ಮಾತಲ್ಲ. ಮುಂದಿನವರು ಕುಡಿಯತಕ್ಕ ನೀರಿನ ಮಾತು.